ನೆರೆ ಬರೋಕ್ಕಿಂತ ಮುಂಚೆ ಗಡಿ ಮ್ಯಾಪ್ ಫೈಲ್ ಸರಿ ಮಾಡಿ ಇಟ್ಕೊಳ್ರಿ

ನಾರಾಯಣಪುರ ಡ್ಯಾಮಿಂದ ಜಾಸ್ತಿ ನೀರು ಬಿಟ್ರೆ ಲಿಂಗಸುಗೂರು, ದೇವದುರ್ಗ, ರಾಯಚೂರು ತಾಲೂಕಿನ ಹೊಳಿದಂಡಿ ಊರುಗಳಿಗೆ ತೊಂದ್ರೆ, ಟಿಬಿ (ತುಂಗಭದ್ರಾ) ಡ್ಯಾಮಿಂದ ಬಿಟ್ರೆ ಗಂಗಾವತಿ, ಕಂಪ್ಲಿ, ಸಿರುಗುಪ್ಪ ಕಡೆ. ಆಗ ಯಾವ ಊರಿಗೆ ಎಷ್ಟು ಪರಿಹಾರ ಕಿಟ್ ಹೋಯ್ತು, ಯಾವ್ದು ಬಿಟ್ಟೋಯ್ತು ಅನ್ನೋ ಲೆಕ್ಕ ಎಲ್ಲಾ ನಿಲ್ಲೋದು ಊರು, ತಾಲೂಕುಗಳ ಗಡಿ ಇರೋ ಮ್ಯಾಪ್ ಫೈಲ್ ಮೇಲೆ, ಅದಕ್ಕೇ ಬೇಸಿಗೆಯಲ್ಲೇ ಈ ಕೆಲಸ ಮುಗಿಸ್ಕೊಳ್ರಿ.

ಬೇರೆ ಬೇರೆ ಫೈಲಲ್ಲಿರೋ ಊರುಗಳನ್ನ ಹೆಸರು ನೋಡಿ ಜೋಡಿಸಬೇಡ್ರಿ, ಕೋಡ್ ನೋಡಿ ಜೋಡಿಸ್ರಿ. ಬಳ್ಳಾರಿ, ಹೊಸಪೇಟೆ ಇಂಗ್ಲಿಷ್ ಸ್ಪೆಲ್ಲಿಂಗ್ 2014ರಲ್ಲೇ ಬದಲಾಗಿದೆ, ಹಳೇ ಫೈಲಲ್ಲಿ ಇನ್ನೂ ಹಳೇದೇ ಇರುತ್ತೆ. 2011ರ ಸೆನ್ಸಸ್ ಕೋಡ್ ಒಂದು ಕಾಲಂ, ಎಲ್‌ಜಿಡಿ (ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ) ಕೋಡ್ ಇನ್ನೊಂದು ಕಾಲಂ, ಎರಡೂ ಟೆಕ್ಸ್ಟ್ ಆಗಿರ್ಲಿ. ನಂಬರ್ ಅಂತ ಬಿಟ್ರೆ ಎಕ್ಸೆಲ್ ತಾಲೂಕು ಕೋಡಿನ ಮುಂದಿನ ಸೊನ್ನೆ ನುಂಗಿ ಹಾಕುತ್ತೆ, ಆಮೇಲೆ ಒಂದೂ ಮ್ಯಾಚ್ ಆಗಲ್ಲ.

ಮುಖ್ಯವಾದದ್ದು ತಾರೀಕು. ಹರಪನಹಳ್ಳಿನೇ ನೋಡ್ರಿ, 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯ್ತು, 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರ್ತು. ಹಂಗಾಗಿ ಹಳೇ ಗಡಿ ಅಳಿಸಿ ಹೊಸದು ಬರೀಬೇಡ್ರಿ, ಯಾವತ್ತಿಂದ ಯಾವತ್ತಿನವರೆಗೆ ಅಂತ ಎರಡು ಕಾಲಂ ಹಾಕಿ ಎರಡನ್ನೂ ಇಟ್ಕೊಳ್ರಿ. 2011ರ ಸೆನ್ಸಸ್ಸಲ್ಲಿ ಈಗ ಬೇರೆ ತಾಲೂಕಾಗಿರೋ ಕಾರಟಗಿ, ಕನಕಗಿರಿ ಜನಸಂಖ್ಯೆ ಗಂಗಾವತಿ ತಾಲೂಕಲ್ಲೇ ಸೇರಿದೆ, ಅದನ್ನ ಅಂದಾಜಲ್ಲಿ ಭಾಗ ಮಾಡೋ ಬದ್ಲು ಹಳ್ಳಿ ಹಳ್ಳಿ ಕೂಡಿಸಿ ಹೊಸ ತಾಲೂಕಿನ ಲೆಕ್ಕ ತೆಗೀರಿ.

ನನಗೆ ಜಾಸ್ತಿ ಕಾಡೋದು ಕ್ಯಾಂಪು (ಪರಿಹಾರ ಶಿಬಿರ ಅಲ್ಲ, ಜನ ವಾಸ ಇರೋ ಸಣ್ಣ ಊರು), ತಾಂಡಾಗಳ ವಿಷಯ. ಸಿಂಧನೂರು, ಕಾರಟಗಿ ಕಡೆ ಕಾಲುವೆ ಪಕ್ಕದ ಎಷ್ಟೋ ಕ್ಯಾಂಪಿಗೆ ಸ್ವಂತ ಗಡಿನೇ ಇಲ್ಲ, ಬೇರೆ ಕಂದಾಯ ಗ್ರಾಮದ ಒಳಗೇ ಇರ್ತಾವೆ, ಇನ್ನೊಂದು ಕಡೆ ಬೇಚರಾಕ್ ಗ್ರಾಮಕ್ಕೆ ಗಡಿ ಇರುತ್ತೆ, ಒಳಗೆ ಒಂದು ಮನೆನೂ ಇರಲ್ಲ. ಬರೀ ಗಡಿ ನೋಡಿ ಕಿಟ್ ಹಂಚಿದ್ರೆ ಕ್ಯಾಂಪಿನ ಜನ ಲಿಸ್ಟಿಗೇ ಬರಲ್ಲ, ಅದು ಅನ್ಯಾಯ. ಕ್ಯಾಂಪು ತಾಂಡಾಗಳಿಗೆ ಬೇರೆ ಪಾಯಿಂಟ್ ಲೇಯರ್ (ಗಡಿ ಬದ್ಲು ಒಂದೊಂದು ಜಾಗಕ್ಕೂ ಒಂದು ಚುಕ್ಕೆ) ಮಾಡಿ ಒಂದೊಂದಕ್ಕೂ ಅದು ಸೇರಿರೋ ಗ್ರಾಮದ ಕೋಡ್ ಹಾಕ್ರಿ, ಹೆಸರು ಮಾತ್ರ ಗ್ರಾಮ ಆಡಳಿತಾಧಿಕಾರಿನೋ ಆಶಾ ಕಾರ್ಯಕರ್ತೆಯರನ್ನೋ ಕೇಳೇ ಬರೀರಿ.

ಮ್ಯಾಪ್ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಟೋಪಾಲಜಿ ಚೆಕ್ಕರ್ (ಗಡಿ ತಪ್ಪು ಹುಡುಕೋ ಟೂಲ್) ಓಡಿಸಿ ಪಕ್ಕಪಕ್ಕದ ಊರುಗಳ ನಡುವೆ ಗ್ಯಾಪ್, ಓವರ್‌ಲ್ಯಾಪ್ ಇದ್ರೆ ತಿದ್ರಿ. ಫೈಲ್ ಸಣ್ಣ ಮಾಡೋಕೆ ಮ್ಯಾಪ್‌ಶೇಪರ್ ಅನ್ನೋ ಟೂಲ್ ಒಳ್ಳೇದು, ಎರಡು ಊರಿಗೂ ಸೇರಿದ ಗೆರೆ ಒಡೆಯಲ್ಲ.

ಕಳಿಸುವಾಗ ಜಿಯೋಪ್ಯಾಕೇಜ್ ಅನ್ನೋ ಮ್ಯಾಪ್ ಫೈಲ್ ರೂಪದಲ್ಲಿ ಕಳಿಸ್ರಿ. ಹಳೇ ರೂಪ ಶೇಪ್‌ಫೈಲಲ್ಲಿ ಕಾಲಂ ಹೆಸರು 10 ಅಕ್ಷರಕ್ಕೆ ಕಟ್ ಆಗುತ್ತೆ, ಎನ್‌ಕೋಡಿಂಗ್ ತಪ್ಪಿದ್ರೆ ಕನ್ನಡ ಹೆಸರೆಲ್ಲಾ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡುತ್ತೆ. ಫೈಲ್ ಹೆಸರಲ್ಲೇ ತಾರೀಕು ಇರ್ಲಿ, ಫೈನಲ್, ಫೈನಲ್2 ಬೇಡ. ಜೊತೆಗೆ ಒಂದು ಪುಟದಲ್ಲಿ ಎಲ್ಲಿಂದ ತಗೊಂಡಿದ್ದು, ಏನು ಬದಲಾಯ್ತು, ಲೈಸೆನ್ಸ್ ಏನು ಅಂತ ಬರೀರಿ. ಫಲಾನುಭವಿಗಳ ಹೆಸರು, ಫೋನ್ ನಂಬರ್ ಇರೋ ಶೀಟನ್ನ ಮಾತ್ರ ಯಾವತ್ತೂ ಅದೇ ಫೋಲ್ಡರಲ್ಲಿ ಇಡಬೇಡ್ರಿ.