ಸಭೆಯೊಳಗೆ ಹೊಟ್ಟೆಕಿಚ್ಚು ಬಂದಾಗ ಏನು ಮಾಡಬೇಕು

ಈ ಸಲದ ಕ್ರಿಸ್ಮಸ್ ಆರಾಧನೆಯಲ್ಲಿ, ಇಷ್ಟು ವರ್ಷ ನೀವು ಹಾಡುತ್ತಿದ್ದ ಹಾಡನ್ನು ಮೊನ್ನೆ ಮೊನ್ನೆ ಕ್ವಾಯರ್‌ಗೆ ಸೇರಿದ ಹುಡುಗಿಗೆ ಕೊಟ್ಟಿದ್ದಾರೆ. ಅಥವಾ ಕಮಿಟಿ ಚುನಾವಣೆಯಲ್ಲಿ ನಿಮಗಿಂತ ಚಿಕ್ಕವರೊಬ್ಬರು ಕಾರ್ಯದರ್ಶಿಯಾದರು. ಅಥವಾ ನೀವೇ ಸಭಾಪಾಲಕರು, ಪಕ್ಕದ ಬೀದಿಯ ಸಭೆಯಲ್ಲಿ ಕೂರಲು ಜಾಗವಿಲ್ಲ, ನಿಮ್ಮಲ್ಲಿ ಹಿಂದಿನ ಬೆಂಚುಗಳು ಖಾಲಿ. ಹೊಟ್ಟೆಯೊಳಗೆ ಏನೋ ಉರಿಯುತ್ತದೆ, ಯಾರಿಗೂ ಹೇಳುವ ಹಾಗಿಲ್ಲ, ಯಾಕೆಂದರೆ ದೇವರ ಮಕ್ಕಳಲ್ಲಿ ಇದೆಲ್ಲ ಇರಬಾರದು ಅಲ್ವಾ?

ಇರುತ್ತದೆ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಯಾಕೋಬನು ತನ್ನ ಪತ್ರಿಕೆಯ, ಅಂದರೆ ಪತ್ರದ, 3ನೇ ಅಧ್ಯಾಯದಲ್ಲಿ ಹೊಟ್ಟೆಕಿಚ್ಚಿನ ಬಗ್ಗೆ, ತಾನೇ ಮುಂದೆ ಬರಬೇಕೆಂಬ ಸ್ವಾರ್ಥದ ಬಗ್ಗೆ ಬರೆದದ್ದು ಸಭೆಯವರಿಗೇ. ಆ ಅಧ್ಯಾಯ ಶುರುವಾಗುವುದೇ ನಿಮ್ಮಲ್ಲಿ ಬಹಳ ಮಂದಿ ಬೋಧಕರಾಗಲು ಹೋಗಬೇಡಿ ಅನ್ನುವ ಎಚ್ಚರಿಕೆಯಿಂದ. ಆ ಕಾಲದಲ್ಲೂ ಮುಂದೆ ನಿಂತು ಮಾತಾಡಲು ಪೈಪೋಟಿ ಇತ್ತು ಅಂತ ಕಾಣುತ್ತದೆ.

ಎರಡು ಥರದ ಜ್ಞಾನ ಇದೆ ಎನ್ನುತ್ತಾನೆ ಅವನು. ಒಂದು ಭೂಲೋಕದ್ದು; ಯಾರನ್ನು ಹೇಗೆ ಪಕ್ಕಕ್ಕೆ ಸರಿಸಬೇಕು, ಯಾರ ಕಿವಿಯಲ್ಲಿ ಯಾವಾಗ ಏನು ಊದಬೇಕು ಅನ್ನುವುದು ಅದಕ್ಕೆ ಚೆನ್ನಾಗಿ ಗೊತ್ತು. ಇನ್ನೊಂದು ಮೇಲಿನಿಂದ ಬರುವಂಥದ್ದು, ಅದು ನಡತೆಯಲ್ಲಿ ಕಾಣುತ್ತದೆ. ನಾನು ಹೇಳಬೇಕೆಂದಿರುವುದೂ ಇದನ್ನೇ. ಉರಿ ತಾನಾಗಿ ಆರಲಿ, ಆಮೇಲೆ ಅವರ ಹತ್ತಿರ ಚೆನ್ನಾಗಿರೋಣ ಅಂತ ಕಾಯಬೇಡಿ. ಉರಿ ಇರುವಾಗಲೇ, ಯಾರನ್ನು ಕಂಡರೆ ಉರಿಯುತ್ತದೋ ಅವರ ವಿಷಯದಲ್ಲೇ ಆ ಜ್ಞಾನ ಹೇಳಿದ ಹಾಗೆ ನಡೆಯಲು ಶುರುಮಾಡಿ.

ಮೊದಲು ಸುಳ್ಳು ನಿಲ್ಲಿಸಿ

ಸತ್ಯಕ್ಕೆ ವಿರೋಧವಾಗಿ ಸುಳ್ಳಾಡಬೇಡಿ ಎಂದು ಅದೇ ಅಧ್ಯಾಯದ 14ನೇ ವಚನ ಹೇಳುತ್ತದೆ. ನಮ್ಮಲ್ಲಿ ಹೊಟ್ಟೆಕಿಚ್ಚು ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. "ನನಗೇನಿಲ್ಲಪ್ಪ, ಸಭೆಯ ಒಳ್ಳೆಯದಕ್ಕೆ ಹೇಳುತ್ತಿದ್ದೇನೆ" ಅಂತ ಬರುತ್ತದೆ. "ಹಾಡೇನೋ ಚೆನ್ನಾಗಿತ್ತು, ಆದರೆ ಅಭಿಷೇಕ ಇರಲಿಲ್ಲ" ಅಂತ ಬರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಪ್ರಾರ್ಥನಾ ವಿಷಯದ ವೇಷ ಹಾಕಿಕೊಂಡು ಬರುವುದು: "ಆ ಬ್ರದರ್‌ಗೋಸ್ಕರ ಸ್ವಲ್ಪ ಪ್ರಾರ್ಥಿಸಿ, ಮನೆಯಲ್ಲಿ ಏನೋ ಸರಿಯಿಲ್ಲವಂತೆ." ಹೀಗೆ ಪ್ರಾರ್ಥನೆಯ ಹೆಸರಿನಲ್ಲಿ ಒಬ್ಬರ ಮರ್ಯಾದೆ ಹೋಗುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಆದ್ದರಿಂದ ಬಾಗಿಲು ಹಾಕಿಕೊಂಡು ಒಬ್ಬರೇ ಕೂತು, ದೇವರ ಮುಂದೆ ಅವರ ಹೆಸರನ್ನೇ ಹೇಳಿ. "ಕರ್ತನೇ, ನನ್ನಲ್ಲಿ ಏನಾದರೂ ದೋಷವಿದ್ದರೆ ಕ್ಷಮಿಸು" ಅಂತ ತೇಲಿಸಿಬಿಡಬೇಡಿ. "ಕರ್ತನೇ, ಇಂಥವರ ಸ್ವರ ನನಗಿಂತ ಚೆನ್ನಾಗಿದೆ, ಜನ ಅವರನ್ನು ಹೊಗಳಿದರೆ ನನಗೆ ತಡೆಯಲು ಆಗುತ್ತಿಲ್ಲ" ಅಂತ ಬಾಯಿಬಿಟ್ಟು ಹೇಳಿ. 1 ಸಮುವೇಲ 18ರಲ್ಲಿ, ರಾಜ ಸೌಲನು ಕೊಂದದ್ದು ಸಾವಿರ, ಅವನ ಸೇನೆಯ ದಾವೀದನು ಕೊಂದದ್ದು ಹತ್ತು ಸಾವಿರ ಎಂದು ಹೆಂಗಸರು ಹಾಡಿದ್ದು ಕೇಳಿ ಸೌಲನು ಸಿಟ್ಟಾದ, ಅವತ್ತಿನಿಂದ ದಾವೀದನ ಮೇಲೆ ಕಣ್ಣಿಟ್ಟ, ಮರುದಿನವೇ ಈಟಿ ಎಸೆದ. ಈ ನಡುವೆ ಅವನು ದೇವರ ಹತ್ತಿರ ಒಂದು ಮಾತಾದರೂ ಆಡಿದ ಅಂತ ಅಲ್ಲಿ ಬರೆದಿಲ್ಲ.

ಆಮೇಲೆ ನಿಮ್ಮ ಸುತ್ತ ನೋಡಿ. ಹೊಟ್ಟೆಕಿಚ್ಚು ಇರುವ ಕಡೆ ಗಲಿಬಿಲಿ ಇರುತ್ತದೆ ಎನ್ನುತ್ತದೆ ಯಾಕೋಬ 3ರ 16ನೇ ವಚನ. ನಮ್ಮ ಉದ್ದೇಶ ಒಳ್ಳೆಯದೇ ಅಂತ ನಮಗೆ ಯಾವಾಗಲೂ ಅನ್ನಿಸುತ್ತದೆ, ಅದಕ್ಕೇ ಫಲವನ್ನು ನೋಡಿ ತಿಳಿಯುವುದು ಸುಲಭ. ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ನಿಮ್ಮ ಜೊತೆ ನಿಂತು ಮಾತಾಡಿದವರು ಮನೆಗೆ ಸಮಾಧಾನದಿಂದ ಹೋಗುತ್ತಾರೋ, ಇನ್ನೊಬ್ಬರ ಮೇಲೆ ಅನುಮಾನ ಇಟ್ಟುಕೊಂಡು ಹೋಗುತ್ತಾರೋ?

ಬೇರೆಯವರ ಪರವಾಗಿ ಬರುವ ಹೊಟ್ಟೆಕಿಚ್ಚು

ಇದನ್ನು ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದು ನಿಷ್ಠೆಯ ಹಾಗೆ ಕಾಣುತ್ತದೆ.

ಬೈಬಲಿನ ಅರಣ್ಯಕಾಂಡ 11ನೇ ಅಧ್ಯಾಯ ತೆಗೆಯಿರಿ. ಈ ಜನರ ಭಾರವನ್ನು ನಾನೊಬ್ಬನೇ ಹೊರಲಾರೆ ಎಂದು ಇಸ್ರಾಯೇಲರ ನಾಯಕ ಮೋಶೆ ಹೇಳಿದಾಗ ದೇವರು 70 ಮಂದಿ ಹಿರಿಯರನ್ನು ಕರೆಸಿ, ಅವನ ಮೇಲಿದ್ದ ಆತ್ಮದಲ್ಲಿ ಅವರಿಗೂ ಪಾಲು ಕೊಟ್ಟರು. ಎಲ್ದಾದ್, ಮೇದಾದ್ ಅನ್ನುವ ಇಬ್ಬರು ಗುಡಾರದ ಹತ್ತಿರ ಹೋಗದೆ ಪಾಳೆಯದಲ್ಲೇ ಉಳಿದಿದ್ದರು. ಅವರೂ ಅಲ್ಲೇ ಪ್ರವಾದಿಸತೊಡಗಿದರು, ಅಂದರೆ ದೇವರ ಪ್ರೇರಣೆಯಿಂದ ಮಾತಾಡತೊಡಗಿದರು. ಒಬ್ಬ ಹುಡುಗ ಓಡಿಬಂದು ಸುದ್ದಿ ಮುಟ್ಟಿಸಿದ. ಚಿಕ್ಕಂದಿನಿಂದ ಮೋಶೆಯ ಜೊತೆ ಇದ್ದ ಯೆಹೋಶುವನು ಅವರನ್ನು ತಡೆಯಬೇಕು ಎಂದ. ಮೋಶೆ ಏನು ಕೇಳಿದ ಗೊತ್ತಾ? ನನ್ನ ಪರವಾಗಿ ನಿನಗೆ ಹೊಟ್ಟೆಕಿಚ್ಚೋ, ದೇವರ ಜನರೆಲ್ಲರೂ ಪ್ರವಾದಿಗಳಾದರೆ ಎಷ್ಟು ಒಳ್ಳೆಯದಿತ್ತು ಎಂದ.

ಯೆಹೋಶುವ ತನಗಾಗಿ ಏನನ್ನೂ ಕೇಳಲಿಲ್ಲ, ಗಮನಿಸಿ. ತನ್ನ ನಾಯಕನ ಸ್ಥಾನ ಕಡಿಮೆಯಾಗುತ್ತದಲ್ಲಾ ಅಂತ ಅವನ ಚಿಂತೆ. ನಮ್ಮ ಅಯ್ಯನವರು, ನಮ್ಮ ಪಾಸ್ಟರ್, ನಮ್ಮ ಮನೆತನದವರು ಅಂತ ನಾವು ಗುಂಪಾಗುವುದೂ ಹೀಗೇ. ಕೊರಿಂಥದ ಸಭೆಯಲ್ಲಿ ತಮಗೆ ಬೋಧಿಸಿದವರ ಹೆಸರು ಹಿಡಿದು ನಾನು ಪೌಲನವನು, ನಾನು ಅಪೊಲ್ಲೋಸನವನು ಎಂದು ಜನ ಕಿತ್ತಾಡಿದ್ದೂ ಹೀಗೇ. ನೀವು ಯೆಹೋಶುವನ ಜಾಗದಲ್ಲಿದ್ದರೆ, ನಿಮ್ಮ ನಾಯಕರ ಪರವಾಗಿ ಇನ್ನೊಬ್ಬರನ್ನು ತಡೆಯುವ ಮೊದಲು ಅವರು ಮಾಡುತ್ತಿರುವುದು ದೇವರ ಕೆಲಸವೋ ಅಲ್ಲವೋ ಅಂತ ನೋಡಿ. ಮೋಶೆಯ ಜಾಗದಲ್ಲಿದ್ದರೆ ನಿಮ್ಮ ಜವಾಬ್ದಾರಿ ಇನ್ನೂ ದೊಡ್ಡದು. ಯಾರೋ ಬಂದು ನಿಮ್ಮನ್ನು ಖುಷಿಪಡಿಸಲು ಇನ್ನೊಬ್ಬ ಸೇವಕರನ್ನು ಹೀಯಾಳಿಸಿದರೆ ಸುಮ್ನೆ ನಕ್ಕು ಕೇಳಿಸಿಕೊಳ್ಳಬೇಡಿ, "ಅವರಿಂದ ಎಷ್ಟೋ ಮನೆಗಳಿಗೆ ಒಳ್ಳೆಯದಾಗಿದೆ" ಅಂತ ಅಲ್ಲೇ ಹೇಳಿ. ಒಂದು ಸಭೆ ಒಡೆಯುವುದನ್ನು ಅಂಥ ಒಂದು ಮಾತು ತಡೆಯಬಹುದು.

ಕೇಳಿ, ಆದರೆ ಸಣ್ಣದಾಗಿ ಕೇಳಿ

ಜ್ಞಾನ ಕಡಿಮೆಯಿದ್ದವರು ದೇವರನ್ನು ಕೇಳಲಿ, ಆತನು ಹಂಗಿಸದೆ ಕೊಡುತ್ತಾನೆ ಎಂದು ಯಾಕೋಬನು 1:5ರಲ್ಲಿ ಹೇಳಿದ್ದಾನೆ. 4:3ರಲ್ಲಿ ಸ್ವಂತ ಆಸೆಗಾಗಿ ಕೇಳಿದರೆ ಸಿಗುವುದಿಲ್ಲ ಎಂದೂ ಹೇಳಿದ್ದಾನೆ. ಎರಡನ್ನೂ ಜೊತೆಗಿಟ್ಟು ಓದಿ. "ನನ್ನನ್ನು ತಾಳ್ಮೆಯವನನ್ನಾಗಿ ಮಾಡು" ಅನ್ನುವುದಕ್ಕಿಂತ "ಇವತ್ತು ಸಂಜೆ ಅಭ್ಯಾಸಕ್ಕೆ ಹೋದಾಗ ಅವಳ ಹತ್ತಿರ ಏನು ಮಾತಾಡಲಿ, ಏನು ಮಾತಾಡದೆ ಇರಲಿ" ಅಂತ ಕೇಳಿದರೆ ಉತ್ತರ ಬೇಗ ಗೊತ್ತಾಗುತ್ತದೆ. ಮತ್ತೆ ಆ ವ್ಯಕ್ತಿಯ ಕೆಲಸ ಚೆನ್ನಾಗಿ ಆಗಲಿ ಎಂದು ಪ್ರಾರ್ಥಿಸಿ. ಮೊದಮೊದಲು ಬಾಯಿ ಹೇಳುವುದನ್ನು ಮನಸ್ಸು ಒಪ್ಪುವುದಿಲ್ಲ, ಪರವಾಗಿಲ್ಲ, ಹೇಳಿ.

ಕೈಯಲ್ಲಿರುವುದನ್ನು ಕೊಡಿ

ಯಾಕೋಬ 3ರ 17ನೇ ವಚನದಲ್ಲಿ ಮೇಲಿನ ಜ್ಞಾನದ ಗುಣಗಳಿವೆ. ಅದು ಶುದ್ಧವಾದದ್ದು, ಸಮಾಧಾನ ತರುವಂಥದ್ದು, ಮೃದುವಾದದ್ದು, ಬೇರೆಯವರ ಮಾತಿಗೆ ಕಿವಿಗೊಡುವಂಥದ್ದು, ಕರುಣೆ ತುಂಬಿದ್ದು, ಪಕ್ಷಪಾತ ಮಾಡದ್ದು, ಕಪಟವಿಲ್ಲದ್ದು. ಎಲ್ಲವನ್ನೂ ಒಂದೇ ವಾರದಲ್ಲಿ ಹಿಡಿಯಲು ಹೋಗಬೇಡಿ. ಕರುಣೆಯಿಂದ ಶುರುಮಾಡಿ, ಅದನ್ನು ಕೈಯಿಂದ ಮಾಡಬಹುದು. ಆ ಹಾಡಿನಲ್ಲಿ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ನಿಮಗೆ ಗೊತ್ತಿದೆ, ಆ ಹುಡುಗಿಗೆ ಹೇಳಿಕೊಡಿ. ಸಂಡೇ ಸ್ಕೂಲಿನ ಹಳೆಯ ಪಾಠಗಳ ಫೈಲ್ ನಿಮ್ಮ ಹತ್ತಿರ ಇದ್ದರೆ ಹೊಸ ಟೀಚರ್‌ಗೆ ಕೊಟ್ಟುಬಿಡಿ. ಹೊಸ ಕಾರ್ಯದರ್ಶಿಗೆ ಲೆಕ್ಕದ ಪುಸ್ತಕ ಹಸ್ತಾಂತರಿಸುವಾಗ ಯಾವ ಬಿಲ್ ಬಾಕಿ ಇದೆ ಅಂತ ಮುಚ್ಚಿಡದೆ ತೋರಿಸಿ, ಅವರು ಎಡವಲಿ ಅಂತ ಕಾಯಬೇಡಿ.

ಯೋನಾತಾನ ಮಾಡಿದ್ದು ಇದನ್ನೇ. ಸೌಲನ ಮಗ, ಸಿಂಹಾಸನ ಅವನಿಗೇ ಬರಬೇಕಿತ್ತು. ಅವನು ತನ್ನ ನಿಲುವಂಗಿ, ಯುದ್ಧದ ಉಡುಪು, ಕತ್ತಿ, ಬಿಲ್ಲು, ನಡುಕಟ್ಟನ್ನು ತೆಗೆದು ದಾವೀದನಿಗೆ ಕೊಟ್ಟ. ಆಮೇಲೆ ದಾವೀದನು ಜೀವ ಉಳಿಸಿಕೊಳ್ಳಲು ಜೀಫ್ ಅರಣ್ಯದಲ್ಲಿ ಅಡಗಿದ್ದಾಗ ಅಲ್ಲಿಗೇ ಹೋಗಿ, ರಾಜನಾಗುವವನು ನೀನು ಎಂದು ಧೈರ್ಯ ಹೇಳಿ ಬಂದ. ಅದೇ ಮನೆಯಲ್ಲಿ, ಅದೇ ದಾವೀದನ ವಿಷಯದಲ್ಲಿ, ಅಪ್ಪ ಈಟಿ ಎಸೆದ, ಮಗ ಕತ್ತಿಯನ್ನೇ ಕೊಟ್ಟ. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಂ ಅನ್ನುತ್ತದೆ.

ಮುಂದೆ ಬರುವ ಆಸೆಯೇ ತಪ್ಪಾ?

ಇಲ್ಲ. ಸಭಾಧ್ಯಕ್ಷನಾಗಲು ಬಯಸುವವನು ಒಳ್ಳೆಯ ಕೆಲಸವನ್ನೇ ಬಯಸುತ್ತಾನೆ ಎಂದು 1 ತಿಮೊಥೆ 3:1ರಲ್ಲಿದೆ. ಶಿಷ್ಯರಾದ ಯಾಕೋಬ ಯೋಹಾನರು (ಈ ಯಾಕೋಬ ಪತ್ರಿಕೆ ಬರೆದವನಲ್ಲ) ಯೇಸುವಿನ ಎಡಬಲದಲ್ಲಿ ಕೂರಲು ಕೇಳಿದಾಗಲೂ ದೊಡ್ಡವರಾಗುವ ಆಸೆಯನ್ನೇ ಬಿಡಿ ಅಂತ ಯೇಸು ಹೇಳಲಿಲ್ಲ, ದೊಡ್ಡವನಾಗಬೇಕೆಂದಿರುವವನು ಸೇವಕನಾಗಲಿ ಎಂದರು. ಆದ್ದರಿಂದ ಚೆನ್ನಾಗಿ ಬೋಧಿಸಲು ಕಲಿಯಿರಿ, ಕೀಬೋರ್ಡ್ ಅಭ್ಯಾಸ ಮಾಡಿ, ನಾಚಿಕೊಳ್ಳಬೇಡಿ.

ಪರೀಕ್ಷೆ ಬೇರೆ ಕಡೆ ಇದೆ. ಅದೇ ಕೆಲಸವನ್ನು ಇನ್ನೊಬ್ಬರು ಚೆನ್ನಾಗಿ ಮಾಡಿದರೆ ನಿಮಗೆ ಸಂತೋಷವಾಗುತ್ತದಾ? ಪೌಲನು ಸೆರೆಯಲ್ಲಿದ್ದಾಗ ಕೆಲವರು ಅವನ ಮೇಲಿನ ಹೊಟ್ಟೆಕಿಚ್ಚಿನಿಂದಲೇ ಕ್ರಿಸ್ತನನ್ನು ಸಾರುತ್ತಿದ್ದರು. ಫಿಲಿಪ್ಪಿಯವರಿಗೆ ಬರೆಯುವಾಗ ಅವನು ಅದನ್ನು ಮುಚ್ಚಿಡಲಿಲ್ಲ, ಆದರೂ ಹೇಗಾದರೂ ಕ್ರಿಸ್ತನ ಹೆಸರು ಹೋಗುತ್ತಿದೆಯಲ್ಲಾ, ಅದಕ್ಕೆ ಸಂತೋಷಪಡುತ್ತೇನೆ ಎಂದ. ಈ ಪ್ರಶ್ನೆಗೆ ನಿಮ್ಮ ಮನಸ್ಸು ಇಲ್ಲ ಅಂದರೆ, ಕೆಲವು ತಿಂಗಳು ಯಾರಿಗೂ ಕಾಣದ ಕೆಲಸ ತೆಗೆದುಕೊಳ್ಳಿ. ಪ್ರೀತಿ ಭೋಜನದ ಪಾತ್ರೆ ತೊಳೆಯುವುದು, ಆಸ್ಪತ್ರೆಯಲ್ಲಿರುವವರನ್ನು ನೋಡಿ ಬರುವುದು. ಫೋಟೋ ಹಾಕಬೇಡಿ. ಯಾರ ಸ್ಟೇಟಸ್ ನೋಡಿದರೆ ಮನಸ್ಸು ಕೆಡುತ್ತದೋ ಅವರದನ್ನು ಅಷ್ಟು ದಿನ ಮ್ಯೂಟ್ ಮಾಡಿ, ಅದರಲ್ಲಿ ಪಾಪವೇನಿಲ್ಲ.

ಒಂದು ಎಚ್ಚರಿಕೆ. ಸಭೆಯ ಹಣದ ಲೆಕ್ಕ ಕೇಳಿದವರಿಗೆ, ಅನ್ಯಾಯ ತೋರಿಸಿದವರಿಗೆ "ನಿನಗೆ ಹೊಟ್ಟೆಕಿಚ್ಚು" ಅಂತ ಹೇಳಿ ಬಾಯಿ ಮುಚ್ಚಿಸುವುದು ನಡೆಯುತ್ತದೆ. 17ನೇ ವಚನದ ಕ್ರಮ ನೋಡಿ: ಮೊದಲು ಶುದ್ಧವಾದದ್ದು, ಆಮೇಲೆ ಸಮಾಧಾನ. ತಪ್ಪು ನಡೆದಿದ್ದರೆ ಕೇಳಲೇಬೇಕು. ಹಿಂದಿನಿಂದ ಪಿಸುಗುಡದೆ ಕಮಿಟಿಯ ಮುಂದೆ, ಪುರಾವೆ ಇಟ್ಟುಕೊಂಡು, ಗೌರವದಿಂದ ಕೇಳಿ.

ಯಾರಿಗೆ ಹೇಳುವುದು?

ಒಬ್ಬರಿಗೆ ಹೇಳಿ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿ ಎಂದು ಯಾಕೋಬ 5:16ರಲ್ಲಿದೆ, ಆದರೆ ನೇರವಾಗಿ ಆ ವ್ಯಕ್ತಿಯ ಹತ್ತಿರವೇ ಹೋಗಿ "ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು" ಅನ್ನಲು ಅವಸರ ಬೇಡ. ಅವರಿಗೆ ಏನೂ ಗೊತ್ತಿಲ್ಲದಿದ್ದರೆ ನಿಮ್ಮ ಭಾರ ಸುಮ್ಮನೆ ಅವರ ತಲೆಗೆ ಹೋಗುತ್ತದೆ, ಆಮೇಲೆ ನಿಮ್ಮನ್ನು ಕಂಡಾಗಲೆಲ್ಲ ಅವರಿಗೇ ಮುಜುಗರ. ಗುಟ್ಟು ಕಾಪಾಡುವ ಒಬ್ಬ ಹಿರಿಯ ಅಕ್ಕನಿಗೋ ಅಣ್ಣನಿಗೋ ಹೇಳಿ, ಆಗಾಗ ನನ್ನನ್ನು ವಿಚಾರಿಸಿ ಅಂತ ಕೇಳಿಕೊಳ್ಳಿ.

ಆದರೆ ನೀವು ಆ ವ್ಯಕ್ತಿಯ ಬಗ್ಗೆ ಈಗಾಗಲೇ ನಾಲ್ಕು ಜನರ ಹತ್ತಿರ ಕೆಟ್ಟದಾಗಿ ಮಾತಾಡಿದ್ದರೆ ಲೆಕ್ಕ ಬೇರೆ. ಮೊದಲು ಆ ನಾಲ್ಕು ಜನರ ಹತ್ತಿರ ಒಬ್ಬೊಬ್ಬರಾಗಿ ಹೋಗಿ, "ನಾನು ಅವತ್ತು ಹೇಳಿದ್ದು ಸರಿಯಲ್ಲ, ಹೊಟ್ಟೆಕಿಚ್ಚಿನಿಂದ ಹೇಳಿದ್ದು" ಅಂತ ತಿದ್ದಿ. ಮಾತು ಅವರ ಕಿವಿಗೂ ಬಿದ್ದಿದೆ ಅಂತ ಗೊತ್ತಾದರೆ ಅವರ ಮನೆಗೂ ಹೋಗಿ ಕ್ಷಮೆ ಕೇಳಿ, ಯಾಕೆ ಹಾಗೆ ಹೇಳಿದಿರಿ ಅನ್ನುವುದಕ್ಕೆ ಕಾರಣ ಕೊಡಲು ಹೋಗಬೇಡಿ.