ಉಳಿದ ಅನ್ನ ಬೆಳಗಿನ ಚಿತ್ರಾನ್ನಕ್ಕೆ ಬೇಕಿದ್ದರೆ

ರಾತ್ರಿ ಉಳಿದ ಅನ್ನವನ್ನು ಕುಕ್ಕರ್‌ನಲ್ಲೇ ಮುಚ್ಚಿಡಬೇಡಿ. ಅಗಲವಾದ ತಟ್ಟೆಗೆ ಸುರಿದು, ಎರಡು ಬೆರಳು ದಪ್ಪಕ್ಕೆ ಹರಡಿ, ಫ್ಯಾನ್ ಕೆಳಗೆ ಹಬೆ ಆರಿಸಿ, ಒಂದು ಗಂಟೆಯೊಳಗೆ ಡಬ್ಬಿಗೆ ಹಾಕಿ ಫ್ರಿಜ್‌ಗೆ ಇಟ್ಟುಬಿಡಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರುವುದು ಸಾಮಾನ್ಯ. ಅನ್ನ ಬೆಂದರೂ ಅವು ಬದುಕಿರುತ್ತವೆ. ಕುಕ್ಕರ್‌ನಲ್ಲಿ ಮೇಲಿನ ಅನ್ನ ತಣ್ಣಗಾದರೂ ನಡುವೆ ಕೈ ಹಾಕಿದರೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಮೊಳೆತು ಹೆಚ್ಚಲು ಅವಕ್ಕೆ ಅಷ್ಟು ಸಾಕು. ಈ ಉಪಾಯ ಕೈಕೊಡುವುದು ಎಲ್ಲಿ ಅಂದರೆ, ಅನ್ನ ರಾತ್ರಿಯಿಡೀ ಹೊರಗೇ ಇದ್ದಾಗ. ಆಮೇಲೆ ಫ್ರಿಜ್‌ಗೆ ಇಟ್ಟರೂ ಅಷ್ಟೇ, ಚುರುಚುರು ಒಗ್ಗರಣೆಯಲ್ಲಿ ಹುರಿದರೂ ಅಷ್ಟೇ. ಈ ಬ್ಯಾಕ್ಟೀರಿಯಾದ ಕೆಲವು ತಳಿಗಳು ಬಿಡುವ ಸೀರಿಯುಲೈಡ್ ಎಂಬ ವಿಷ 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 90 ನಿಮಿಷ ಇಟ್ಟರೂ ಹಾಳಾಗುವುದಿಲ್ಲ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಸಾಮಾನ್ಯವಾಗಿ ಒಂದು ದಿನದಲ್ಲಿ ಸರಿಹೋಗುತ್ತದೆ, ನಿಜ; ಆದರೆ ಈ ವಿಷ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾವನ್ನೇ ಕೆಡಿಸುವುದರಿಂದ, ಅಪರೂಪಕ್ಕೆ ಯಕೃತ್ತು ಕೈಕೊಟ್ಟು ಸಾವಾದದ್ದೂ ಉಂಟು. ಮೂಸಿ ನೋಡಿ ತೀರ್ಮಾನಿಸುವ ನಮ್ಮ ಹಳೇ ಪರೀಕ್ಷೆ ಇಲ್ಲಿ ನಡೆಯದು, ವಾಸನೆ ಬಾರದೆಯೂ ವಿಷ ಇರಬಹುದು. ರಾತ್ರಿಯೇ ಮಜ್ಜಿಗೆ ಬೆರೆಸಿಟ್ಟ ತಂಗಳನ್ನದ ಲೆಕ್ಕ ಸ್ವಲ್ಪ ಬೇರೆ, ಹುಳಿ ಏರಿದಂತೆ ಈ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಬೆಳಿಗ್ಗೆ ಹಿಂಡುವ ನಿಂಬೆಹಣ್ಣಿನಿಂದ ಮಾತ್ರ ಅಂಥ ಉಪಯೋಗ ಇಲ್ಲ, ಆಗಲೇ ಹುಟ್ಟಿರುವ ವಿಷವನ್ನು ಅದು ತೆಗೆಯಲಾರದು. ರಾತ್ರಿ ತುಂಬ ಹೊತ್ತು ಕರೆಂಟ್ ಹೋಗಿ ಫ್ರಿಜ್ ಬೆಚ್ಚಗಾಗಿದ್ದರೂ ಆ ಅನ್ನ ಬೇಡ.