ಕಮಿಟ್‌ನ ಮೇಲೆ ಉಳಿದುಹೋದ ಗುರುತುಗಳು: ಒಂದು ದೋಷವನ್ನು ಸರಿಪಡಿಸಿದ ನನ್ನ ಅನುಭವ

ನಮ್ಮ ತಂಡದಲ್ಲಿ ತಂತ್ರಾಂಶದ ಪ್ರತಿ ಬಿಡುಗಡೆಗೆ ಮುನ್ನ ನೋಡುವ ಪುಟವೊಂದಿದೆ. ಮುಖ್ಯ ಬ್ರಾಂಚಿನಲ್ಲಿದ್ದು (ಬ್ರಾಂಚ್ ಎಂದರೆ ಕೋಡ್‌ನ ಇತಿಹಾಸದ ಒಂದು ಕವಲು) ಬಿಡುಗಡೆಯ ಬ್ರಾಂಚಿಗೆ ಇನ್ನೂ ಸೇರದ ಕಮಿಟ್‌ಗಳನ್ನು, ಅಂದರೆ ದಾಖಲಾದ ಬದಲಾವಣೆಗಳನ್ನು, ಅದು ಪಟ್ಟಿ ಮಾಡುತ್ತದೆ. ಒಂದು ಬೆಳಿಗ್ಗೆ ಆ ಪುಟ ‘ಬಾಕಿ ಏನೂ ಇಲ್ಲ’ ಎಂದು ತೋರಿಸಿತು. ಹಿಂದಿನ ಸಂಜೆಯಷ್ಟೇ ನಾನು ಎರಡು ಕಮಿಟ್‌ಗಳನ್ನು ಮುಖ್ಯ ಬ್ರಾಂಚಿಗೆ ಸೇರಿಸಿದ್ದೆ, ಅವು ಬಿಡುಗಡೆಗೆ ಹೋಗಿರಲಿಲ್ಲ. ಅದೇ ಪ್ರಶ್ನೆಯನ್ನು, ಕೋಡ್‌ನ ಇತಿಹಾಸವನ್ನು ಕಾಪಾಡುವ ಗಿಟ್ ಎಂಬ ತಂತ್ರಾಂಶದ ಆಜ್ಞೆಯ ಮೂಲಕ ಕೇಳಿದಾಗ ಎರಡೂ ಕಾಣಿಸಿಕೊಂಡವು. ಸರ್ವರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದ ಮೇಲೆ ಪುಟವೂ ಸರಿಯಾಯಿತು. ಮರುಚಾಲನೆಯಿಂದ ಮಾಯವಾಗುವ ದೋಷವೆಂದರೆ ನೆನಪಿನಲ್ಲಿ ಏನೋ ಉಳಿದುಬಿಡುತ್ತಿದೆ ಎಂದೇ ಅರ್ಥವಾದ್ದರಿಂದ, ಅಷ್ಟಕ್ಕೆ ಬಿಡಲು ನನಗೆ ಮನಸ್ಸಾಗಲಿಲ್ಲ.

ನಮ್ಮ ಸರ್ವರಿನಲ್ಲಿ ಇತಿಹಾಸವನ್ನು ಶೋಧಿಸುವ ಭಾಗವನ್ನು ಗಿಟ್‌ನ ಸಿ ಭಾಷೆಯ ಮೂಲಪಠ್ಯದ ಮಾದರಿಯಲ್ಲೇ ಬರೆಯಲಾಗಿತ್ತು. 2005ರಲ್ಲಿ ಆರಂಭವಾದ ಗಿಟ್‌ನಲ್ಲಿ ಒಂದು ಆಜ್ಞೆಗೆ ಒಂದು ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಮ್) ಎಂಬುದೇ ಮೂಲ ವಿನ್ಯಾಸ. ಆಜ್ಞೆ ಮುಗಿದೊಡನೆ ಪ್ರೊಸೆಸ್ ಸಾಯುತ್ತದೆ, ಅದರ ನೆನಪನ್ನೆಲ್ಲ ಆಪರೇಟಿಂಗ್ ಸಿಸ್ಟಮ್ ಗುಡಿಸಿಹಾಕುತ್ತದೆ. ಹೀಗಾಗಿ ಅಲ್ಲಿ ಇಡೀ ಪ್ರೋಗ್ರಾಮ್ ಹಂಚಿಕೊಳ್ಳುವ ಗ್ಲೋಬಲ್ ವೇರಿಯಬಲ್‌ಗಳೂ ಪ್ರೊಸೆಸ್ ಮುಗಿಯುವವರೆಗೆ ಉಳಿಯುವ ಸ್ಟ್ಯಾಟಿಕ್ ಬಫರ್‌ಗಳೂ ಧಾರಾಳವಾಗಿದ್ದವು, ಬಹುಪಾಲು ಅವುಗಳಿಂದ ತೊಂದರೆಯೂ ಆಗಲಿಲ್ಲ. ಕಮಿಟ್‌ನ ಗುರುತುಸಂಖ್ಯೆಯನ್ನು ಅಕ್ಷರರೂಪಕ್ಕೆ ತರುವ ಅಲ್ಲಿನ ಫಂಕ್ಷನ್ ನಾಲ್ಕೇ ಬಫರ್‌ಗಳನ್ನು ಸರದಿಯಂತೆ ಬಳಸುತ್ತದೆ. ಐದನೆಯ ಸಲ ಕರೆದಾಗ ಮೊದಲನೆಯ ಉತ್ತರ ಅಳಿಸಿಹೋಗುತ್ತದೆ. ಕ್ಷಣಕಾಲ ಬದುಕುವ ಪ್ರೊಸೆಸ್ಸಿಗೆ ಇದು ಸಾಕು. ನಮ್ಮ ಸರ್ವರ್ ವಾರಗಟ್ಟಲೆ ಓಡುತ್ತಿತ್ತು.

ದೋಷದ ಬೇರು ಇದ್ದದ್ದು ಕಮಿಟ್ ವಸ್ತುವಿನಲ್ಲಿ. ಒಂದು ಕಮಿಟನ್ನು ಎಷ್ಟು ಸಲ ಕೇಳಿದರೂ ನೆನಪಿನಲ್ಲಿ ಅದಕ್ಕೆ ಒಂದೇ ಪ್ರತಿ ಇರುತ್ತದೆ, ಕೇಳಿದವರಿಗೆಲ್ಲ ಅದರ ವಿಳಾಸವೇ ಸಿಗುತ್ತದೆ. ಆ ಪ್ರತಿಯೊಳಗೆ ಫ್ಲ್ಯಾಗ್ ಎಂಬ ಜಾಗವಿದ್ದು, ಇತಿಹಾಸದಲ್ಲಿ ಹಿಂದೆ ಹಿಂದೆ ಹೋಗುವ ಹುಡುಕಾಟ ತನ್ನ ಗುರುತುಗಳನ್ನು ಅಲ್ಲಿಯೇ ಬರೆಯುತ್ತದೆ. ‘ಇದನ್ನು ಕಂಡಾಗಿದೆ’ ಎಂಬುದಕ್ಕೆ ಒಂದು ಬಿಟ್ (ಸೊನ್ನೆ ಅಥವಾ ಒಂದನ್ನು ಹಿಡಿಯುವ ಜಾಗ), ‘ಇದು ಬೇಡ’ ಎಂಬುದಕ್ಕೆ ಇನ್ನೊಂದು. ಕಮಿಟ್‌ನ ವಿಷಯ ಎಂದೂ ಬದಲಾಗುವುದಿಲ್ಲ. ಆದರೆ ಅದಕ್ಕೆ ಅಂಟಿಕೊಂಡ ಈ ಗುರುತುಗಳು ಪ್ರತಿ ಪ್ರಶ್ನೆಗೂ ಬದಲಾಗುತ್ತವೆ.

ದೋಷವನ್ನು ಬೇಕೆಂದಾಗ ಮರಳಿ ತರಿಸಲು ನಾಲ್ಕೇ ಕಮಿಟ್‌ಗಳ ಪುಟ್ಟ ಇತಿಹಾಸವೊಂದನ್ನು ಕಟ್ಟಿದೆ. ಅವುಗಳನ್ನು ಹಳೆಯದರಿಂದ ಹೊಸದಕ್ಕೆ ಅ, ಆ, ಇ, ಈ ಎಂದು ಕರೆಯುತ್ತೇನೆ. ಮುಖ್ಯ ಬ್ರಾಂಚಿನ ತುದಿ ‘ಈ’, ಬಿಡುಗಡೆಯ ಬ್ರಾಂಚಿನ ತುದಿ ‘ಆ’. ‘ಮುಖ್ಯದಲ್ಲಿದ್ದು ಬಿಡುಗಡೆಯಲ್ಲಿ ಇಲ್ಲದ್ದು ಯಾವುದು’ ಎಂದು ಮೊದಲು ಕೇಳಿದರೆ ‘ಇ’, ‘ಈ’ ಎಂಬ ಸರಿಯುತ್ತರ ಬರುತ್ತಿತ್ತು. ಆದರೆ ಅದಕ್ಕೂ ಮುನ್ನ, ‘ಈ’ ಎಂಬ ಕಮಿಟ್‌ನ ಮೇಲೆ ಬೆಳೆದ ಬೇರೊಂದು ಬ್ರಾಂಚಿನ ಬಗ್ಗೆ ‘ಮುಖ್ಯದಲ್ಲಿ ಇಲ್ಲದ್ದು ಇಲ್ಲಿ ಒಂದಾದರೂ ಇದೆಯೇ’ ಎಂದು ಕೇಳಿದ್ದರೆ, ಎರಡನೆಯ ಉತ್ತರ ಖಾಲಿಯಾಗಿರುತ್ತಿತ್ತು. ಮೊದಲ ಪ್ರಶ್ನೆ ಮುಖ್ಯ ಬ್ರಾಂಚಿನ ಕಮಿಟ್‌ಗಳಿಗೆಲ್ಲ ‘ಇದು ಬೇಡ’ ಎಂದು ಬರೆದು ಹಾಗೆಯೇ ಬಿಟ್ಟುಹೋಗುತ್ತಿತ್ತು.

ಬರೆದದ್ದು ಯಾರು, ಅಳಿಸಬೇಕಿದ್ದದ್ದು ಯಾರು ಎಂದು ತಿಳಿಯಲು ದೋಷ ಹುಡುಕುವ ಸಾಧನವಾದ ಜಿಡಿಬಿಯಲ್ಲಿ ಆ ನಾಲ್ಕೂ ಫ್ಲ್ಯಾಗ್‌ಗಳ ಮೇಲೆ ವಾಚ್‌ಪಾಯಿಂಟ್ ಇಟ್ಟೆ, ಅಂದರೆ ಅವು ಬದಲಾದೊಡನೆ ಪ್ರೋಗ್ರಾಮ್ ನಿಲ್ಲುವಂತೆ ಮಾಡಿದೆ. ಎಕ್ಸ್86 ಪ್ರೊಸೆಸರಿನಲ್ಲಿ ಇದಕ್ಕೆಂದು ಸಿಗುವುದು ನಾಲ್ಕೇ ರಿಜಿಸ್ಟರ್‌ಗಳು. ಇತಿಹಾಸವನ್ನು ನಾಲ್ಕೇ ಕಮಿಟ್‌ಗಳಿಗೆ ಮಿತಿಗೊಳಿಸಿದ್ದು ಈ ಕಾರಣಕ್ಕೆ. ಪ್ರೋಗ್ರಾಮ್ ನಾಲ್ಕು ಸಲ ನಿಂತಿತು, ನಾಲ್ಕು ಸಲವೂ ಗುರುತು ಬರೆಯುವಾಗ. ಅಳಿಸುವಾಗ ಒಮ್ಮೆಯೂ ನಿಲ್ಲಲಿಲ್ಲ. ‘ಒಂದಾದರೂ ಇದೆಯೇ’ ಎಂಬ ಫಂಕ್ಷನ್ ಮೊದಲ ಕಮಿಟ್ ಸಿಕ್ಕೊಡನೆ ನಡುವೆಯೇ ರಿಟರ್ನ್ ಆಗುತ್ತಿತ್ತು. ಗುರುತು ಅಳಿಸುವ ಸಾಲು ಅದರ ಕೊನೆಯಲ್ಲಿತ್ತು. ಉತ್ತರ ‘ಇಲ್ಲ’ ಎಂದಾದಾಗ ಮಾತ್ರ ಅಲ್ಲಿಯವರೆಗೆ ತಲುಪುತ್ತಿದ್ದುದರಿಂದ ದೋಷ ಆಗೊಮ್ಮೆ ಈಗೊಮ್ಮೆ ಮಾತ್ರ ಕಾಣುತ್ತಿತ್ತು. ರಿಟರ್ನ್‌ಗೆ ಮುಂಚೆಯೂ ಅಳಿಸುವಂತೆ ಒಂದು ಸಾಲು ಸೇರಿಸಿದೆ. ಪರೀಕ್ಷೆ ಪಾಸಾಯಿತು.

ಕೆಲವು ದಿನಗಳಲ್ಲಿ ಅದೇ ಪುಟ ತದ್ವಿರುದ್ಧವಾಗಿ ತಪ್ಪಿತು. ಎಂದೋ ಬಿಡುಗಡೆಯಾದ ಹಳೆಯ ಕಮಿಟ್‌ಗಳು ಬಾಕಿ ಪಟ್ಟಿಯಲ್ಲಿ ಕಾಣಿಸಿಕೊಂಡವು, ಅವುಗಳಲ್ಲಿ ಒಂದು ಎರಡು ಸಲ ಬಂದಿತ್ತು. ಇದಕ್ಕೆ ಕಾರಣ ನಾನು ಸೇರಿಸಿದ ಆ ಸಾಲೇ. ಪಟ್ಟಿ ತಯಾರಾಗುತ್ತಿರುವಾಗಲೇ, ಒಂದೊಂದು ಕಮಿಟ್‌ಗೂ ಅದು ಹಳೆಯ ನಿರ್ವಹಣಾ ಬ್ರಾಂಚಿಗೆ ಸೇರಿದೆಯೇ ಎಂದು ನೋಡಲು ‘ಒಂದಾದರೂ ಇದೆಯೇ’ ಎಂಬ ಅದೇ ಫಂಕ್ಷನನ್ನು ಕರೆಯಲಾಗುತ್ತಿತ್ತು. ಅಂದರೆ ಒಂದು ಹುಡುಕಾಟದ ಹೊಟ್ಟೆಯೊಳಗೆ ಇನ್ನೊಂದು ಹುಡುಕಾಟ, ಎರಡಕ್ಕೂ ಅದೇ ಬಿಟ್‌ಗಳು. ಒಳಗಿನದು ತನ್ನ ಕೆಲಸ ಮುಗಿಸಿ ಶಿಸ್ತಾಗಿ ಗುರುತು ಅಳಿಸುವಾಗ, ಹೊರಗಿನದು ಇನ್ನೂ ನೆಚ್ಚಿಕೊಂಡಿದ್ದ ಗುರುತುಗಳೂ ಅಳಿದುಹೋಗುತ್ತಿದ್ದವು. ಎರಡು ಕವಲುಗಳನ್ನು ಕೂಡಿಸುವ ಮರ್ಜ್ ಕಮಿಟ್‌ನ ಎರಡನೆಯ ಪೇರೆಂಟ್ (ಅದರ ಹಿಂದಿನ ಕಮಿಟ್) ಮೂಲಕ ಅದೇ ಕಮಿಟ್ ಮತ್ತೆ ಎದುರಾದಾಗ, ಅದನ್ನು ಈಗಾಗಲೇ ಕಂಡದ್ದು ಹೊರಗಿನ ಹುಡುಕಾಟಕ್ಕೆ ತಿಳಿಯುತ್ತಿರಲಿಲ್ಲ.

ಇಂಥಲ್ಲಿ ಗಿಟ್ ಒಂದೊಂದು ಭಾಗಕ್ಕೂ ಬೇರೆ ಬೇರೆ ಬಿಟ್‌ಗಳನ್ನು ಹಂಚಿಕೊಟ್ಟಿದೆ; ಯಾವ ಕಡತ ಯಾವ ಬಿಟ್ಟನ್ನು ಬಳಸುತ್ತದೆ ಎಂಬ ಕೋಷ್ಟಕ ಅದರ ಹೆಡರ್ ಕಡತದಲ್ಲಿ ಕಾಮೆಂಟ್ ರೂಪದಲ್ಲಿದೆ. ಆ ದಾರಿಯನ್ನು ಯೋಚಿಸಿ ಕೈಬಿಟ್ಟೆ. ಬಿಟ್‌ಗಳು ಮೂವತ್ತಕ್ಕೂ ಕಡಿಮೆ, ಕಾಮೆಂಟನ್ನು ಕಂಪೈಲರ್ (ಕೋಡನ್ನು ಯಂತ್ರಭಾಷೆಗೆ ತರುವ ಸಾಧನ) ಓದುವುದಿಲ್ಲ, ಮೇಲಾಗಿ ಒಂದೇ ಫಂಕ್ಷನ್ ತನ್ನೊಳಗೆ ತನ್ನನ್ನೇ ಕರೆದರೆ ಎಷ್ಟು ಹಂಚಿದರೂ ಪ್ರಯೋಜನವಿಲ್ಲ. ‘ಇದು ಬೇಡ’ ಎಂಬುದು ಕಮಿಟ್‌ನ ಗುಣವಲ್ಲ, ಪ್ರಶ್ನೆಯೊಂದರ ಮಧ್ಯಂತರ ಲೆಕ್ಕ. ಆದ್ದರಿಂದ ಅದು ಇರಬೇಕಾದ್ದು ಪ್ರಶ್ನೆಯ ಬಳಿಯೇ ಎಂದು ನನಗೆ ಖಚಿತವಾಯಿತು.

ಅದಕ್ಕೆ ಬೇಕಾದ ಉಪಾಯವೂ ಗಿಟ್‌ನಲ್ಲೇ ಇದೆ, ಕಮಿಟ್ ಸ್ಲ್ಯಾಬ್ ಎಂಬ ಹೆಸರಿನಲ್ಲಿ. ನೆನಪಿಗೆ ಬಂದ ಪ್ರತಿ ಕಮಿಟ್‌ಗೂ ಸೊನ್ನೆಯಿಂದ ಶುರುವಾಗುವ ಒಂದು ಕ್ರಮಸಂಖ್ಯೆ ಸಿಗುತ್ತದೆ. ಪ್ರತಿ ಹುಡುಕಾಟವೂ ತನ್ನದೇ ಅರೇ (ಸಾಲಾಗಿ ಜೋಡಿಸಿದ ಮನೆಗಳು) ಇಟ್ಟುಕೊಂಡು, ಆ ಸಂಖ್ಯೆಯ ಮನೆಯಲ್ಲಿ ತನ್ನ ಗುರುತನ್ನು ಬರೆಯಬಹುದು. ಮುಗಿದ ಮೇಲೆ ಅಳಿಸುವ ಮಾತೇ ಇಲ್ಲ, ಇಡೀ ಅರೇಯನ್ನು ಬಿಟ್ಟುಕೊಟ್ಟರಾಯಿತು. ಹ್ಯಾಶ್ ಟೇಬಲ್ಲಿಗಿಂತ ಇದು ಹಗುರ: ಒಂದು ಕಮಿಟ್‌ಗೆ ಒಂದು ಬೈಟ್, ಹುಡುಕಲು ಒಂದು ಸೂಚ್ಯಂಕ.

ನನ್ನ ಮೊದಲ ಪ್ರಯತ್ನದಲ್ಲಿ, ಜಾಗ ಸಾಲದಾದಾಗ ರಿಅಲಾಕ್ ಎಂಬ ಫಂಕ್ಷನ್ ಮೂಲಕ ಹಿಗ್ಗುವ ಒಂದೇ ಉದ್ದನೆಯ ಅರೇ ಇತ್ತು. ನೆನಪಿನ ತಪ್ಪು ಬಳಕೆಯನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಜೊತೆಗೆ ಓಡಿಸಿದ ಕೂಡಲೇ ಅದು ಬಿಟ್ಟುಕೊಟ್ಟ ಜಾಗವನ್ನು ಬಳಸಲಾಗುತ್ತಿದೆ ಎಂದು ದೂರಿತು. ಒಂದು ಕಮಿಟ್‌ನ ಗುರುತಿಗೆ ಪಾಯಿಂಟರ್ (ನೆನಪಿನಲ್ಲಿ ಅದರ ವಿಳಾಸ) ಹಿಡಿದುಕೊಂಡು ಅದರ ಪೇರೆಂಟ್‌ಗಳನ್ನು ಓದುವಾಗ ಹೊಸ ಕಮಿಟ್‌ಗಳು ಬಂದು ಸೇರಿ, ಅರೇ ಹಿಗ್ಗಿ ಬೇರೆಡೆಗೆ ಹೋಗಿಬಿಡುತ್ತಿತ್ತು. ಕೈಯಲ್ಲಿದ್ದ ಪಾಯಿಂಟರ್ ಹಳೆಯ ಮನೆಯನ್ನೇ ತೋರಿಸುತ್ತಿತ್ತು. ಗಿಟ್‌ನ ಸ್ಲ್ಯಾಬ್ ತುಂಡು ತುಂಡಾಗಿ ಬೆಳೆಯುವುದು ಏಕೆಂದು ನನಗೆ ಅರ್ಥವಾದದ್ದು ಆಗ. ಹೊಸ ತುಂಡು ಸೇರುತ್ತದೆಯೇ ಹೊರತು ಹಳೆಯ ತುಂಡು ಕದಲುವುದಿಲ್ಲ. ಅಲ್ಲಿ ಒಂದು ತುಂಡಿನ ಅಳತೆ ಸುಮಾರು 512 ಕಿಲೋಬೈಟ್. ನಮ್ಮಲ್ಲಿ ಬರುವುದು ಬಹುಪಾಲು ಹತ್ತಿಪ್ಪತ್ತು ಕಮಿಟ್‌ಗಳಲ್ಲಿ ಮುಗಿಯುವ ಸಣ್ಣ ಪ್ರಶ್ನೆಗಳಾದ್ದರಿಂದ, ಪ್ರತಿ ಸಲ ಅಷ್ಟು ಜಾಗವನ್ನು ಸೊನ್ನೆ ಮಾಡುವುದು ದುಬಾರಿಯೆನಿಸಿ ತುಂಡನ್ನು 16 ಕಿಲೋಬೈಟಿಗೆ ಇಳಿಸಿದೆ.

ಪರೀಕ್ಷೆಗೆ ನಾನು ಪ್ರಮಾಣವಾಗಿ ಇಟ್ಟುಕೊಂಡದ್ದು ಹೊಸ ಪ್ರೊಸೆಸ್ಸಿನ ಉತ್ತರವನ್ನು. ಪ್ರಶ್ನೆಗಳ ರಾಶಿಯೊಂದನ್ನು ಮಾಡಿ, ಪ್ರತಿಯೊಂದನ್ನೂ ಆಗಷ್ಟೇ ಹುಟ್ಟಿದ ಪ್ರೊಸೆಸ್ಸಿಗೆ ಕೇಳಿ ಉತ್ತರ ಬರೆದಿಟ್ಟುಕೊಂಡೆ. ಆಮೇಲೆ ಅವೇ ಪ್ರಶ್ನೆಗಳನ್ನು ಕಲಸಿ, ಒಂದೇ ಪ್ರೊಸೆಸ್ಸಿಗೆ ಒಂದರ ಮೇಲೊಂದರಂತೆ ಕೇಳಿ ತಾಳೆ ನೋಡಿದೆ. ಕಲಸಲು ಬಳಸಿದ ಬೀಜಸಂಖ್ಯೆಯನ್ನು (ಕಲಸುವ ಕ್ರಮವನ್ನು ನಿರ್ಧರಿಸುವ ಆರಂಭದ ಸಂಖ್ಯೆ) ದಾಖಲಿಸದಿದ್ದರೆ ಸೋತ ಅನುಕ್ರಮ ಮತ್ತೆ ಸಿಗುವುದಿಲ್ಲವಾದ್ದರಿಂದ, ಅದನ್ನು ಪ್ರತಿ ಓಟದ ಮೊದಲ ಸಾಲಿನಲ್ಲೇ ಮುದ್ರಿಸಿದೆ. ಹಳೆಯ ಕೋಡ್ ಈ ಪರೀಕ್ಷೆಯಲ್ಲಿ ಪ್ರತಿ ಸಲವೂ ಸೋತಿತು, ಹೊಸದು ಇಡೀ ರಾತ್ರಿ ಓಡಿದರೂ ಒಮ್ಮೆಯೂ ತಪ್ಪಲಿಲ್ಲ.

ಅಷ್ಟಾದರೂ ಫ್ಲ್ಯಾಗ್ ಜಾಗ ಕಮಿಟ್‌ನಲ್ಲಿ ಇರುವವರೆಗೆ ಯಾರಾದರೂ ಅದಕ್ಕೆ ಬರೆದೇ ಬರೆಯುತ್ತಾರೆ ಎಂಬ ಅಳುಕು ನನಗಿತ್ತು. ಕಮಿಟ್‌ನ ರಚನೆಯಿಂದ ಆ ಜಾಗವನ್ನೇ ಕಿತ್ತುಹಾಕಿ ಕಂಪೈಲ್ ಮಾಡಿದೆ. ಒಂದೊಂದಾಗಿ ದೋಷಸೂಚನೆಗಳು ಬಂದವು, ಹೆಚ್ಚಿನವು ನಾನು ನಿರೀಕ್ಷಿಸಿದ್ದವೇ. ಕೊನೆಯದು ಮಾತ್ರ, ಸಾಲೊಂದನ್ನು ಬರೆದವರು ಯಾರೆಂದು ತೋರಿಸುವ ಭಾಗದಲ್ಲಿತ್ತು. ಅದು ‘ಕಂಡಾಗಿದೆ’ ಎಂಬ ಅದೇ ಬಿಟ್ಟನ್ನು ತನ್ನದೇ ಬೇರೊಂದು ಅರ್ಥದಲ್ಲಿ ಬಳಸುತ್ತಿದ್ದುದು ನಮ್ಮಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಅದಕ್ಕೂ ಸ್ವಂತದ ಸ್ಲ್ಯಾಬ್ ಕೊಟ್ಟೆ. ಆ ಬಳಿಕ ಗುರುತು ಅಳಿಸುವ ಫಂಕ್ಷನನ್ನು ಕರೆಯುವವರು ಯಾರೂ ಉಳಿಯದಿದ್ದುದರಿಂದ ಅದನ್ನೂ ತೆಗೆದುಹಾಕಿದೆ.